ಘಾಟಿ ರಸ್ತೆಯ ಲೆಕ್ಕ: ಕೊಡಗಿನಲ್ಲಿ ಇ.ವಿ. ಅಗ್ಗವೋ, ಪೆಟ್ರೋಲ್ ಕಾರೋ? ನೀವೇ ಕೂತು ಲೆಕ್ಕ ಹಾಕುವ ವಿಧಾನ

ನನ್ನ ಕಾರಿನ ಗ್ಲೋವ್ ಬಾಕ್ಸ್‌ನಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇದೆ. ಎರಡು ಮಳೆಗಾಲ ಕಂಡಿದೆ, ರಟ್ಟಿಗೆ ಬೂಷ್ಟು ಹಿಡಿದಿದೆ. ಅದರಲ್ಲಿ ಇರುವುದು ಬರೀ ಕಿಲೋಮೀಟರ್, ಯೂನಿಟ್ ಮತ್ತು ರೂಪಾಯಿ. ಇ.ವಿ., ಅಂದರೆ ಕರೆಂಟ್ ಕಾರು, ತಗೊಂಡ ದಿನದಿಂದ ಬರೆಯುತ್ತಿದ್ದೇನೆ. ನನ್ನ ಭಾವ ಪೆಟ್ರೋಲ್ ಕಾರಿನವರು. ಅವರ ಕೈಲೂ ಹೀಗೇ ಒಂದು ಪುಸ್ತಕ ಇಡಿಸಿದೆ, ಮೂರು ತಿಂಗಳ ಮಟ್ಟಿಗೆ. ಈ ಬರಹ ಹುಟ್ಟಿದ್ದು ಆ ಎರಡು ಪುಸ್ತಕ ಪಕ್ಕಪಕ್ಕ ಇಟ್ಟುಕೊಂಡು ಕೂತಾಗ.

ಷೋರೂಮಿನವರು ಹೇಳುವ ಲೆಕ್ಕ ಗೊತ್ತಲ್ಲ: ಪೆಟ್ರೋಲ್‌ಗೆ ಕಿ.ಮೀ.ಗೆ ಏಳು ರೂಪಾಯಿ, ಇ.ವಿ.ಗೆ ಒಂದು ರೂಪಾಯಿ, ಮುಗೀತು. ಅದು ಪೂರ್ತಿ ಸುಳ್ಳಲ್ಲ. ಆದರೆ ಆ ಲೆಕ್ಕದಲ್ಲಿ ನಿಮ್ಮ ಮನೆಯ ಕರೆಂಟ್ ಬಿಲ್ ಇಲ್ಲ, ಸಂಪಾಜೆ ಘಾಟಿ ಇಲ್ಲ, ಜುಲೈ ತಿಂಗಳಿಲ್ಲ. ನೀವು ವರ್ಷಕ್ಕೆ ಎಷ್ಟು ಓಡಿಸುತ್ತೀರಿ ಅನ್ನೋದಂತೂ ಇಲ್ಲವೇ ಇಲ್ಲ. ಕೊನೆಗೆ ತೀರ್ಮಾನ ಮಾಡುವುದು ಇವೇ.

ಕೂರುವ ಮೊದಲು ಇಷ್ಟು ಕೈಗೆ ಸಿಗುವಂತೆ ಇಟ್ಟುಕೊಳ್ಳಿ: ಕಳೆದ ಆರು ತಿಂಗಳ ಕರೆಂಟ್ ಬಿಲ್, ಈಗಿನ ಕಾರಿನ ಸರ್ವಿಸ್ ಬಿಲ್‌ಗಳು, ಇನ್ಶೂರೆನ್ಸ್ ಕಾಗದ, ಎರಡೂ ಬಗೆಯ ಕಾರಿಗೆ ಷೋರೂಮಿನಿಂದ ಬರೆಸಿಕೊಂಡ ಆನ್-ರೋಡ್ ಕೊಟೇಶನ್. ಹೋಲಿಸುವಾಗ ಒಂದೇ ಅಳತೆಯ ಕಾರು ಹೋಲಿಸಿ. ಟಿಯಾಗೊ ಪೆಟ್ರೋಲ್ ಎದುರು ಟಿಯಾಗೊ ಇ.ವಿ., ಪಂಚ್ ಎದುರು ಪಂಚ್ ಇ.ವಿ. ಹೀಗೆ. ಸಣ್ಣ ಪೆಟ್ರೋಲ್ ಕಾರಿನ ಎದುರು ದೊಡ್ಡ ಇ.ವಿ. ನಿಲ್ಲಿಸಿ "ನೋಡಿ ಎಷ್ಟು ದುಬಾರಿ" ಅನ್ನೋರು ಇದ್ದಾರೆ. ಅದು ಲೆಕ್ಕ ಅಲ್ಲ, ಜಗಳ.

1. ಒಂದು ತಿಂಗಳ ಕಿಲೋಮೀಟರ್ ಬರೆದಿಡಿ

ಅಂದಾಜು ಬೇಡ. ನಾವೆಲ್ಲ ನಮ್ಮ ಓಡಾಟವನ್ನು ಜಾಸ್ತಿಯೇ ಅಂದುಕೊಂಡಿರುತ್ತೇವೆ. ಭಾವನನ್ನು ಕೇಳಿದಾಗ "ತಿಂಗಳಿಗೆ ಸಾವಿರ ಕಿ.ಮೀ. ಆಗ್ತದೆ" ಅಂದರು. ಓಡೋಮೀಟರ್ ನೋಡಿ ಬರೆದಾಗ ಬಂದಿದ್ದು 420. ದಿನಾ ಕಾರು ಹತ್ತುತ್ತಾರೆ ನಿಜ, ಆದರೆ ಹೋಗುವುದು ಮೂರ್ನಾಡಿನ ಪೇಟೆಗೆ, ತೋಟಕ್ಕೆ, ಅಪರೂಪಕ್ಕೆ ಮಡಿಕೇರಿಗೆ.

ಓಡಾಟವನ್ನು ಮೂರು ಗುಂಪು ಮಾಡಿ.

ದಿನದ ಸಣ್ಣ ಓಡಾಟ: ಶಾಲೆ, ಸಂತೆ, ತೋಟ, ಬ್ಯಾಂಕು.

ಜಿಲ್ಲೆಯೊಳಗಿನ ಓಡಾಟ: ಮಡಿಕೇರಿಯಿಂದ ವಿರಾಜಪೇಟೆ, ಕುಶಾಲನಗರ, ಭಾಗಮಂಡಲ, ಸೋಮವಾರಪೇಟೆ. ಹೋಗಿ ಬರಲು 60ರಿಂದ 80 ಕಿ.ಮೀ.

ದೂರದ ಓಡಾಟ: ಮೈಸೂರು, ಮಂಗಳೂರು, ಬೆಂಗಳೂರು, ಮಾಕುಟ್ಟ ಇಳಿದು ಕಣ್ಣೂರು ಕಡೆ. ನಮ್ಮಲ್ಲಿ ರೈಲಿಲ್ಲ. ದೊಡ್ಡ ಆಸ್ಪತ್ರೆ ಅಂದರೂ ರಸ್ತೆ, ಮದುವೆ ಅಂದರೂ ರಸ್ತೆ. ಹಾಗಾಗಿ ಈ ಮೂರನೇ ಗುಂಪನ್ನು ಮರೆಯಬೇಡಿ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ. ತಿಂಗಳಿಗೆ ಒಂದೇ ಸಲ ಹೋಗಿ ಬಂದರೂ ವರ್ಷಕ್ಕೆ 2,900 ಕಿ.ಮೀ. ಆಗುತ್ತದೆ.

ಒಂದೇ ತಿಂಗಳ ಲೆಕ್ಕವನ್ನು 12ರಿಂದ ಗುಣಿಸಿ ಕೈ ತೊಳೆದುಕೊಳ್ಳಬೇಡಿ. ಕಾಫಿ ಕೊಯ್ಲಿನ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ತೋಟದವರ ಓಡಾಟ ಬೇರೆ, ಮಳೆಗಾಲದ್ದು ಬೇರೆ. ಹಳೆಯ ಸರ್ವಿಸ್ ಬಿಲ್‌ಗಳ ಮೇಲೆ ಓಡೋಮೀಟರ್ ಅಂಕಿ ಇರುತ್ತದೆ. ಎರಡು ಬಿಲ್ ತೆಗೆದು ಕಳೆದರೆ ವರ್ಷದ ನಿಜವಾದ ಅಂಕಿ ಅಲ್ಲೇ ಸಿಗುತ್ತದೆ.

2. ಪೆಟ್ರೋಲ್ ಕಾರಿನ ಮೈಲೇಜ್: ಫುಲ್ ಟು ಫುಲ್

ಕಂಪನಿ ಹೇಳುವ 19, 20 ಕಿ.ಮೀ. ಮೈಲೇಜ್ ಪರೀಕ್ಷಾ ಕೊಠಡಿಯದ್ದು. ಅಲ್ಲಿ ಮಾದಾಪುರದ ತಿರುವುಗಳಿಲ್ಲ. ನಿಮ್ಮದನ್ನು ನೀವೇ ಅಳೆಯಿರಿ, ಕಷ್ಟವೇನಿಲ್ಲ. ಬಂಕ್‌ನಲ್ಲಿ ಟ್ಯಾಂಕ್ ಫುಲ್ ಮಾಡಿಸಿ. ನಾಜಲ್ ಟಕ್ ಅಂತ ನಿಂತ ಕೂಡಲೇ ಸಾಕು ಅನ್ನಿ, ರೌಂಡ್ ಫಿಗರ್ ಮಾಡಲು ಮತ್ತೆ ಸುರಿಯಲು ಬಿಡಬೇಡಿ. ಓಡೋಮೀಟರ್ ಬರೆದುಕೊಳ್ಳಿ. ಎಂದಿನಂತೆ ಓಡಿಸಿ. ಮುಂದಿನ ಸಲ ಅದೇ ಬಂಕ್‌ನಲ್ಲಿ, ಹಾಗೇ ಟಕ್ ಅನ್ನುವವರೆಗೆ ಫುಲ್ ಮಾಡಿಸಿ. ಎರಡು ಫುಲ್‌ಗಳ ನಡುವೆ ಓಡಿದ ಕಿ.ಮೀ.ಯನ್ನು ಎರಡನೇ ಸಲ ಹಿಡಿದ ಲೀಟರಿನಿಂದ ಭಾಗಿಸಿ. ಮೂರು ಸಲ ಹೀಗೆ ಮಾಡಿ ಸರಾಸರಿ ತೆಗೆಯಿರಿ.

ಭಾವನ 1.2 ಲೀಟರ್ ಎಂಜಿನ್ನಿನ ಕಾರು ಕೊಟ್ಟಿದ್ದು ಲೀಟರಿಗೆ 14. ಅವರಿಗೆ ಬೇಜಾರಾಯ್ತು, ನನಗೆ ಆಶ್ಚರ್ಯ ಆಗಲಿಲ್ಲ. ಎಂಜಿನ್ ಬಿಸಿಯಾಗುವ ಮೊದಲೇ ಮುಗಿಯುವ ನಾಲ್ಕು ಕಿ.ಮೀ. ಓಡಾಟ, ಎರಡನೇ ಗೇರಿನ ಏರು, ಮಂಜಿಗೆ ಗಾಜು ಒರೆಸಲು ಎ.ಸಿ. ಇವೆಲ್ಲ ಕುಡಿಯುತ್ತವೆ. ಇದರ ಜೊತೆ ಈಗ ಬಂಕ್‌ಗಳಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ಒಂದು ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಮ್ಮಿ. ಹಾಗಾಗಿ ಹಳೆಯ ಕಾರಿನ ಐದು ವರ್ಷ ಹಿಂದಿನ ಮೈಲೇಜ್ ನೆನಪಿನಿಂದ ಬರೆಯಬೇಡಿ.

ಪೆಟ್ರೋಲ್ ಲೀಟರಿಗೆ 103 ರೂ. ಅಂತ ಇಲ್ಲಿ ಹಿಡಿಯುತ್ತೇನೆ, ನಿಮ್ಮ ಬಂಕ್ ದರ ಹಾಕಿಕೊಳ್ಳಿ. 103ನ್ನು 14ರಿಂದ ಭಾಗಿಸಿದರೆ ಕಿ.ಮೀ.ಗೆ 7 ರೂ. 36 ಪೈಸೆ.

3. ಇ.ವಿ.ಗೆ ಯೂನಿಟ್ ಅಳೆಯುವುದು ಗೋಡೆಯಲ್ಲಿ

ಇ.ವಿ.ಯವರು ಮಾಡುವ ದೊಡ್ಡ ತಪ್ಪು ಇದು. ಡ್ಯಾಶ್‌ಬೋರ್ಡ್ ತೋರಿಸುವುದು ಬ್ಯಾಟರಿಯಿಂದ ಖರ್ಚಾದ ಯೂನಿಟ್. ನೀವು ದುಡ್ಡು ಕೊಡುವುದು ಗೋಡೆಯಿಂದ ಹೋದ ಯೂನಿಟ್‌ಗೆ. ನಡುವೆ ಚಾರ್ಜರ್, ಕೇಬಲ್, ಬ್ಯಾಟರಿ ಎಲ್ಲ ಬಿಸಿಯಾಗಿ ಶೇ. 10ರಿಂದ 15ರಷ್ಟು ಸೋರಿಹೋಗುತ್ತದೆ. ಚಾರ್ಜಿಂಗ್ ಪಾಯಿಂಟ್‌ಗೆ ಒಂದು ಸಣ್ಣ ಸಬ್ ಮೀಟರ್ ಹಾಕಿಸಿ. ಸಾವಿರ ರೂಪಾಯಿ ಆಸುಪಾಸಿನ ಖರ್ಚು, ಆಮೇಲೆ ಊಹೆಯ ಕಾಟವೇ ಇಲ್ಲ.

ಇನ್ನೂ ಕಾರು ತಗೊಂಡಿಲ್ಲ, ತಗೋಬೇಕೋ ಬೇಡವೋ ಅಂತಲೇ ಲೆಕ್ಕ ಹಾಕುತ್ತಿದ್ದೀರಿ ಅಲ್ವಾ? ಹಾಗಾದರೆ ಟೆಸ್ಟ್ ಡ್ರೈವ್‌ಗೆ ಷೋರೂಮಿನ ಸುತ್ತ ಎರಡು ಸುತ್ತು ಹಾಕಿ ಬರಬೇಡಿ. ನಿಮ್ಮ ಮನೆ ರಸ್ತೆಗೆ ಕಾರು ತರಿಸಿ. ಹೊರಡುವಾಗ ಶೇಕಡಾ ಎಷ್ಟಿತ್ತು, ಅದೇ ಜಾಗಕ್ಕೆ ವಾಪಸ್ ಬಂದಾಗ ಎಷ್ಟಾಯ್ತು ಬರೆಯಿರಿ. ಅದೇ ಜಾಗಕ್ಕೆ ಬರಲೇಬೇಕು, ಇಲ್ಲಾಂದ್ರೆ ಇಳಿಜಾರು ನಿಮಗೆ ಮೋಸ ಮಾಡುತ್ತದೆ. ಉದಾಹರಣೆಗೆ 30 ಯೂನಿಟ್ (ಕಿಲೋವಾಟ್-ಅವರ್ ಅಂದರೂ ಇದೇ) ಬ್ಯಾಟರಿಯ ಕಾರು 45 ಕಿ.ಮೀ. ಸುತ್ತಿ ಶೇ. 20 ಇಳಿದರೆ ಬ್ಯಾಟರಿಯಿಂದ ಹೋದದ್ದು 6 ಯೂನಿಟ್. ಸೋರಿಕೆ ಸೇರಿಸಿದರೆ ಗೋಡೆಯಿಂದ 6.7 ಯೂನಿಟ್. ಅಂದರೆ ಯೂನಿಟ್‌ಗೆ 6.7 ಕಿ.ಮೀ.

ಸಣ್ಣ ಇ.ವಿ.ಗೆ ಗೋಡೆಯ ಲೆಕ್ಕದಲ್ಲಿ ಯೂನಿಟ್‌ಗೆ 7 ಕಿ.ಮೀ. ಅಂತ ಮುಂದಿನ ಎಲ್ಲ ಉದಾಹರಣೆಗೂ ಇಟ್ಟುಕೊಳ್ಳುತ್ತೇನೆ.

4. ಒಂದು ಯೂನಿಟ್‌ನ ನಿಜವಾದ ಬೆಲೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನನ್ನ ಪುಸ್ತಕದಲ್ಲಿ ಅತಿ ಹೆಚ್ಚು ಹೊಡೆದು ಬರೆದ ಪುಟ ಇದೇ.

ಮನೆ ಕರೆಂಟ್ ಯೂನಿಟ್‌ಗೆ ಮೂಲ ದರ, ಅದರ ಮೇಲೆ ಇಂಧನ ಹೊಂದಾಣಿಕೆ, ತೆರಿಗೆ ಎಲ್ಲ ಸೇರಿ 7 ರೂ. ಎಂದು ಹಿಡಿಯೋಣ. ಇದನ್ನು 7 ಕಿ.ಮೀ.ಯಿಂದ ಭಾಗಿಸಿದರೆ ಕಿ.ಮೀ.ಗೆ 1 ರೂ. ಷೋರೂಮಿನವರ ಲೆಕ್ಕ ಬಂತು ನೋಡಿ. ಆದರೆ ಇದು ಸರಿಯಾಗುವುದು ನೀವು ಈಗಾಗಲೇ ಪೂರ್ತಿ ಬಿಲ್ ಕಟ್ಟುವವರಾಗಿದ್ದರೆ ಮಾತ್ರ.

ನಮ್ಮಲ್ಲಿ ಬಹಳ ಮನೆಗಳಿಗೆ ಗೃಹಜ್ಯೋತಿ, ಅಂದರೆ ರಾಜ್ಯ ಸರ್ಕಾರದ ಉಚಿತ ಕರೆಂಟ್ ಯೋಜನೆ, ಇದೆ. 2023ರ ಆಗಸ್ಟ್‌ನಿಂದ ಸೊನ್ನೆ ಬಿಲ್ ಬರುತ್ತಿದೆ. ಅದರ ನಿಯಮ ನೆನಪಿಸಿಕೊಳ್ಳಿ: 2022-23ರಲ್ಲಿ ನೀವು ಬಳಸಿದ ತಿಂಗಳ ಸರಾಸರಿ, ಅದರ ಮೇಲೆ ಶೇ. 10, ಅಷ್ಟು ಯೂನಿಟ್ ಉಚಿತ. ಅದನ್ನು ದಾಟಿ 200ರ ಒಳಗಿದ್ದರೆ ಹೆಚ್ಚುವರಿ ಬಳಸಿದ್ದಕ್ಕೆ ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ ನಿಮ್ಮ ತಲೆ ಮೇಲೆ.

ಈಗ ಒಂದು ಮನೆ ತಗೊಳ್ಳಿ. ಮನೆ ಬಳಕೆ 110 ಯೂನಿಟ್, ಬಿಲ್ ಸೊನ್ನೆ. ಇ.ವಿ. ಬಂತು. ತಿಂಗಳಿಗೆ ಸಾವಿರ ಕಿ.ಮೀ. ಓಡಿಸುತ್ತಾರೆ, ಅದಕ್ಕೆ 150 ಯೂನಿಟ್ ಅಂತಿಟ್ಟುಕೊಳ್ಳಿ. ಒಟ್ಟು 260. ಯೂನಿಟ್‌ಗೆ 7ರಂತೆ 1,820 ರೂ., ಜೊತೆಗೆ 3 ಕಿಲೋವಾಟ್ ಲೋಡಿನ ನಿಗದಿತ ಶುಲ್ಕ 430 ಅಂತ ಹಾಕಿದರೆ 2,250 ರೂ. ಮೊದಲು ಸೊನ್ನೆ, ಈಗ 2,250. ಈ ಖರ್ಚಿಗೆ ಕಾರಣ ಕಾರು ಮಾತ್ರ. 2,250ನ್ನು 150 ಯೂನಿಟ್‌ನಿಂದ ಭಾಗಿಸಿ ನೋಡಿ: ಯೂನಿಟ್‌ಗೆ 15 ರೂ. ಏಳು ರೂಪಾಯಿ ಅಂದುಕೊಂಡದ್ದು ಎರಡು ಪಟ್ಟು ಆಯಿತು!

ಈ ಏಟು ಎಲ್ಲರಿಗೂ ಬೀಳುವುದಿಲ್ಲ. ಮೂರು ದಾರಿ ಇವೆ.

ಓಡಾಟ ಕಮ್ಮಿ ಇರುವವರು, ಅಂದರೆ ಭಾವನ ಹಾಗೆ ತಿಂಗಳಿಗೆ 420 ಕಿ.ಮೀ. ಓಡಿಸುವವರು, 60 ಯೂನಿಟ್‌ನಲ್ಲಿ ಮುಗಿಸುತ್ತಾರೆ. ಮನೆಯದ್ದೂ ಸೇರಿ 200 ದಾಟದಂತೆ ನೋಡಿಕೊಂಡರೆ ಹೆಚ್ಚುವರಿ ಯೂನಿಟ್‌ಗೆ ಮಾತ್ರ ದುಡ್ಡು.

ಜಾಸ್ತಿ ಓಡಿಸುವವರು ಕಾರಿಗೆಂದೇ ಬೇರೆ ಮೀಟರ್ ಹಾಕಿಸಬಹುದಾ ಅಂತ ನಿಮ್ಮ ಊರಿನ ಕರೆಂಟ್ ಕಂಪನಿಯ ಸೆಕ್ಷನ್ ಆಫೀಸಿನಲ್ಲಿ ವಿಚಾರಿಸಿ. ಸೆಸ್ಕ್ ಅಂತ ಹೆಸರು ಬಂದು ಎಷ್ಟು ವರ್ಷ ಆಯ್ತೋ, ನಮ್ಮ ಬಾಯಲ್ಲಿ ಅದಿನ್ನೂ ಕೆ.ಇ.ಬಿ. ಇ.ವಿ. ಚಾರ್ಜಿಂಗ್‌ಗೆ ಬೇರೆಯೇ ದರದ ವರ್ಗ ಇದೆ. ಅದು ನಿಮಗೆ ಸಿಗದೆ ಮನೆ ದರವೇ ಬಿದ್ದರೂ 150 ಯೂನಿಟ್‌ಗೆ 1,050, ಮೇಲೆ ಎರಡನೇ ಮೀಟರಿನ ನಿಗದಿತ ಶುಲ್ಕ 430. ಹತ್ತು ರೂಪಾಯಿಯ ಒಳಗೇ ನಿಲ್ಲುತ್ತದೆ. ಮನೆಯ ಸೊನ್ನೆ ಬಿಲ್ ಹಾಗೇ ಉಳಿಯುತ್ತದೆ.

ಮೂರನೆಯದು ಸೋಲಾರ್. 2024ರಲ್ಲಿ ಬಂದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟ್‌ಗೆ 78,000 ರೂ. ಸಬ್ಸಿಡಿ ಇದೆ. ಆದರೆ ನಮ್ಮ ತೋಟದ ಮನೆಗಳ ಸುತ್ತ ಸಿಲ್ವರ್ ಓಕ್ ನಿಂತಿರುತ್ತವೆ, ಹತ್ತು ಗಂಟೆವರೆಗೆ ಮಾಡಿನ ಮೇಲೆ ಬಿಸಿಲೇ ಬೀಳುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಸೂರ್ಯನ ಮುಖ ನೋಡುವುದೇ ಅಪರೂಪ. ಬಯಲುಸೀಮೆಯವರ ಸೋಲಾರ್ ಅಂಕಿ ಇಟ್ಟುಕೊಂಡು ಇಲ್ಲಿ ಲೆಕ್ಕ ಹಾಕಬೇಡಿ.

ಇನ್ನು ಹೊರಗಿನ ಫಾಸ್ಟ್ ಚಾರ್ಜರ್. ಶೇ. 18 ಜಿ.ಎಸ್.ಟಿ. ಸೇರಿ ಯೂನಿಟ್‌ಗೆ 20 ರೂ. ಆಚೀಚೆ ಬೀಳುತ್ತದೆ, ನಾನು 22 ಹಿಡಿಯುತ್ತೇನೆ. ಮೊದಲ ಹೆಜ್ಜೆಯಲ್ಲಿ ಬರೆದ ಮೂರನೇ ಗುಂಪು ಇಲ್ಲಿ ಕೆಲಸಕ್ಕೆ ಬರುತ್ತದೆ. ನಿಮ್ಮ ಯೂನಿಟ್‌ಗಳಲ್ಲಿ ಐದರಲ್ಲಿ ಒಂದು ಪಾಲು ಹೊರಗಿನದು ಅಂದರೆ, ಮನೆಯದ್ದು 7 ರೂ. ಇದ್ದಾಗ ಸರಾಸರಿ 10 ರೂ. ಮನೆಯದ್ದು 15 ರೂ. ಆದರೆ ಸರಾಸರಿ 16 ರೂ. 40 ಪೈಸೆ. ಕಿ.ಮೀ. ಲೆಕ್ಕಕ್ಕೆ ತಂದರೆ ಒಂದು ಕಡೆ 1 ರೂ. 43 ಪೈಸೆ, ಇನ್ನೊಂದು ಕಡೆ 2 ರೂ. 34 ಪೈಸೆ.

ಕೆಟ್ಟ ಲೆಕ್ಕದಲ್ಲೂ ಪೆಟ್ರೋಲಿನ 7 ರೂ. 36 ಪೈಸೆಯ ಮೂರನೇ ಒಂದು ಭಾಗ ಆಗಲಿಲ್ಲ ನೋಡಿ. ಅದನ್ನೂ ಒಪ್ಪಿಕೊಳ್ಳಬೇಕು.

5. ಘಾಟಿಯನ್ನು ಲೆಕ್ಕಕ್ಕೆ ತಗೊಳ್ಳಿ

"ಇ.ವಿ. ಘಾಟಿ ಹತ್ತುವಾಗ ಚಾರ್ಜ್ ನೆಲ ಕಚ್ಚುತ್ತದೆ" ಅನ್ನೋ ಮಾತು ಪೇಟೆಯಲ್ಲಿ ಚಹಾ ಕುಡಿಯುವಾಗ ಕೇಳದ ದಿನವಿಲ್ಲ. ಅರ್ಧ ನಿಜ. ಹತ್ತುವಾಗ ಎಲ್ಲ ಕಾರಿಗೂ ನೆಲ ಕಚ್ಚುತ್ತದೆ. ಪೆಟ್ರೋಲ್ ಮುಳ್ಳು ನಿಧಾನಕ್ಕೆ ಇಳಿಯುವುದರಿಂದ ನಮಗೆ ಕಾಣುವುದಿಲ್ಲ, ಅಷ್ಟೆ.

ಒಂದು ಸಣ್ಣ ಸೂತ್ರ ಇಟ್ಟುಕೊಳ್ಳಿ. ಒಂದು ಟನ್ ತೂಕವನ್ನು ಸಾವಿರ ಮೀಟರ್ ಎತ್ತರಕ್ಕೆ ಏರಿಸಲು 2.7 ಯೂನಿಟ್ ಶಕ್ತಿ ಬೇಕು. ಪೆಟ್ರೋಲ್ ಇರಲಿ, ಕರೆಂಟ್ ಇರಲಿ, ಎತ್ತು ಇರಲಿ, ಇದು ಬದಲಾಗದು. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಸಂಪಾಜೆ ಅದಕ್ಕಿಂತ ಸಾವಿರ ಮೀಟರ್‌ನಷ್ಟು ಕೆಳಗೆ. ಕಾರು, ನಾಲ್ಕು ಜನ, ಒಂದಿಷ್ಟು ಸಾಮಾನು ಸೇರಿ 1.6 ಟನ್. ಏರಿಸಲು ಬೇಕಾದದ್ದು 4.3 ಯೂನಿಟ್.

ಇ.ವಿ. ಮೋಟರ್‌ನಲ್ಲಿ ಪೋಲಾಗುವುದು ಕಮ್ಮಿ. ಚಾರ್ಜಿಂಗ್ ಸೋರಿಕೆಯೂ ಸೇರಿ ಗೋಡೆಯಿಂದ ಐದೂವರೆ ಯೂನಿಟ್, ಅಂದರೆ 40 ರೂ. ಪೆಟ್ರೋಲ್ ಎಂಜಿನ್ ತಾನು ಕುಡಿದದ್ದರಲ್ಲಿ ಮುಕ್ಕಾಲು ಪಾಲನ್ನು ಬಿಸಿಯಾಗಿಯೇ ಬಿಡುತ್ತದೆ. ಅದೇ ಏರಿಗೆ ಒಂದೂಮುಕ್ಕಾಲರಿಂದ ಎರಡು ಲೀಟರ್, ಅಂದರೆ 180ರಿಂದ 200 ರೂ. ಮುಂದಕ್ಕೆ ಓಡಲು ಬೇಕಾದ ಖರ್ಚು ಎರಡಕ್ಕೂ ಬೇರೆಯೇ ಇದೆ, ಇದು ಬರೀ ಎತ್ತರಕ್ಕೆ ತೆತ್ತ ಬೆಲೆ.

ಇಳಿಯುವಾಗ ಆಟವೇ ಬೇರೆ. ಪೆಟ್ರೋಲ್ ಕಾರು ಗೇರಿನಲ್ಲಿ ಇಳಿದರೆ ಇಂಧನ ನಿಲ್ಲುತ್ತದೆ, ಆದರೆ ಹತ್ತುವಾಗ ಸುಟ್ಟದ್ದು ವಾಪಸ್ ಬರುವುದಿಲ್ಲ. ಬ್ರೇಕ್ ಪ್ಯಾಡ್ ಬೇರೆ ಸವೆಯುತ್ತದೆ. ಇ.ವಿ.ಯ ಮೋಟರ್ ಇಳಿಜಾರಿನಲ್ಲಿ ಡೈನಮೊ ಆಗುತ್ತದೆ. ನನ್ನ ಪುಸ್ತಕದ ಒಂದು ಸಾಲು ಹೀಗಿದೆ: ಮಡಿಕೇರಿ 71, ಮದೆನಾಡು 72, ಸಂಪಾಜೆ 75. 28 ಕಿ.ಮೀ. ಓಡಿದ ಮೇಲೆ ಚಾರ್ಜ್ ನಾಲ್ಕು ಜಾಸ್ತಿ. ಪಕ್ಕದಲ್ಲಿ ಕೂತಿದ್ದ ಅತ್ತೆ "ಮೀಟರ್ ಕೆಟ್ಟಿದೆಯಾ?" ಅಂದರು. ಸಂಜೆ ಅದೇ ದಾರಿಯಲ್ಲಿ ಹತ್ತಿ ಬರುವಾಗ ಶೇ. 25 ಇಳಿಯಿತು. ಎರಡೂ ಸೇರಿ 56 ಕಿ.ಮೀ.ಗೆ ಶೇ. 21, 30 ಯೂನಿಟ್ ಬ್ಯಾಟರಿಯಲ್ಲಿ 6.3 ಯೂನಿಟ್. ಬಯಲು ರಸ್ತೆಯಲ್ಲಿ ನೂರರ ವೇಗದಲ್ಲಿ ಹೋಗುವುದಕ್ಕಿಂತ ಇದೇ ಕಮ್ಮಿ ಖರ್ಚು. ಘಾಟಿಯಲ್ಲಿ ವೇಗ ಕಮ್ಮಿ, ಗಾಳಿಯ ತಡೆ ಕಮ್ಮಿ, ಅದೇ ಗುಟ್ಟು.

ಒಂದು ಎಚ್ಚರಿಕೆ, ನಾನೇ ಮಾಡಿದ ಪೆದ್ದುತನ. ಮೊದಲ ಸಲ ಮಂಗಳೂರಿಗೆ ಹೊರಟಾಗ ಹೆಮ್ಮೆಯಿಂದ ನೂರಕ್ಕೆ ನೂರು ಚಾರ್ಜ್ ಮಾಡಿಕೊಂಡು ಮಡಿಕೇರಿಯಿಂದ ಇಳಿದೆ. ತುಂಬಿದ ಕೊಡಕ್ಕೆ ಇನ್ನೂ ನೀರು ಹೊಯ್ದ ಹಾಗೆ! ಬ್ಯಾಟರಿ ಏನನ್ನೂ ತಗೊಳ್ಳಲಿಲ್ಲ, ಕಾರು ಹಿಡಿತವಿಲ್ಲದೆ ಜಾರತೊಡಗಿತು, ಪೂರ್ತಿ ಬ್ರೇಕ್ ಮೇಲೆಯೇ ಬಂದೆ. ಜೋಡುಪಾಲದ ಹತ್ತಿರ ಕಮಟು ವಾಸನೆ ಬಂದು ನಿಲ್ಲಿಸಬೇಕಾಯಿತು. ಮೇಲಿನ ಊರಿನವರು ಇಳಿಯುವ ದಿನ 90ಕ್ಕೆ ಚಾರ್ಜ್ ನಿಲ್ಲಿಸಿ. ಮಿಕ್ಕಿದ್ದನ್ನು ಘಾಟಿ ತುಂಬುತ್ತದೆ.

ಮೈಸೂರಿಗೆ ಹೋಗಿ ಬರುವವರಿಗೂ ಇದೇ ತತ್ವ. ಹೋಗುವಾಗ ಒಟ್ಟಾರೆ ಇಳಿಕೆ, ಬರುವಾಗ ಏರಿಕೆ. ಹೋಗುವಾಗಿನ ಖರ್ಚು ನೋಡಿ ಬರುವುದಕ್ಕೂ ಅಷ್ಟೇ ಸಾಕು ಅಂದುಕೊಂಡರೆ ಕುಶಾಲನಗರ ದಾಟಿದ ಮೇಲೆ ಬೆವರು ಬರುತ್ತದೆ. ಹೊರಗೆ ಚಾರ್ಜ್ ಮಾಡಲೇಬೇಕು ಅಂದರೆ ಮೈಸೂರಿನಲ್ಲಿ ಊಟದ ಹೊತ್ತಿಗೆ ಮಾಡಿ. ಕೊನೆಯ ಏರು, ಕುಶಾಲನಗರದ ಸುಮಾರು 830 ಮೀಟರ್‌ನಿಂದ ಮಡಿಕೇರಿಗೆ, ಅದಕ್ಕೆ ಕೈಯಲ್ಲಿ ಶೇ. 20 ಉಳಿದಿರಲಿ.

6. ಮಳೆಗಾಲದ ಬಾಬ್ತು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೈನ್ ಮೇಲೆ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇಲ್ಲದಿರುವುದು ನಮಗೆ ಹೊಸದಲ್ಲ. ಇದಕ್ಕೂ ದುಡ್ಡಿನ ಲೆಕ್ಕ ಇದೆ, ಅದನ್ನು ಬರೆಯಿರಿ.

ತೋಟದಲ್ಲಿ ಡೀಸೆಲ್ ಜನರೇಟರ್ ಇದ್ದವರಿಗೆ ಒಂದು ಲೀಟರಿಗೆ 3 ಯೂನಿಟ್ ಆಸುಪಾಸು ಸಿಗುತ್ತದೆ. ಡೀಸೆಲ್ 91 ರೂ. ಅಂದರೆ ಯೂನಿಟ್‌ಗೆ 30 ರೂ., ಕಿ.ಮೀ.ಗೆ 4 ರೂ. 30 ಪೈಸೆ. ಲೆಕ್ಕ ಹಾಕಿದಾಗ ನನಗೇ ನಂಬಿಕೆ ಬರಲಿಲ್ಲ, ಜನರೇಟರ್‌ನಲ್ಲಿ ಚಾರ್ಜ್ ಮಾಡಿದರೂ ಪೆಟ್ರೋಲ್ ಕಾರಿಗಿಂತ ಕಮ್ಮಿ. ಆದರೆ ಮನೆ ದೀಪಕ್ಕೆ ಇಟ್ಟುಕೊಳ್ಳುವ ಸಣ್ಣ ಪೆಟ್ರೋಲ್ ಜನರೇಟರ್‌ಗೆ ಈ ಮಾತು ಹೇಳಲಾರೆ. ಅದಕ್ಕೆ ಕಾರಿನ ಭಾರ ಹೊರುವ ತಾಕತ್ತೂ ಇಲ್ಲ. ಅರ್ಥಿಂಗ್ ಸರಿ ಇಲ್ಲದಿದ್ದರೆ ಕಾರಿನ ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ನೆ ಕೂರುತ್ತದೆ.

ಜನರೇಟರ್ ಇಲ್ಲದವರು ಮಳೆಗಾಲದ ನಾಲ್ಕು ತಿಂಗಳಿಗೆ ಹೊರಗಿನ ಚಾರ್ಜಿಂಗ್ ಪಾಲು ಹೆಚ್ಚು ಮಾಡಿ. ಒಂದೆರಡು ಸಲ ಟ್ಯಾಕ್ಸಿ ಮಾಡುವ ಖರ್ಚನ್ನೂ ಹಾಕಿ. ನಾನು ವರ್ಷಕ್ಕೆ 3,000 ರೂ. ಬರೆಯುತ್ತೇನೆ. ಜುಲೈಯಲ್ಲಿ ಬ್ಯಾಟರಿ 60ಕ್ಕಿಂತ ಕೆಳಗೆ ಇಳಿಯಲು ಬಿಡುವುದಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆಯೇ ಮುಚ್ಚಿದ್ದು ನೆನಪಿರುವವರಿಗೆ ಸುತ್ತು ದಾರಿ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ವಿಷಯ ವೋಲ್ಟೇಜ್. ಲೈನಿನ ಕೊನೆಯ ಮನೆಗಳಲ್ಲಿ ಸಂಜೆ ಏಳರಿಂದ ಹತ್ತರವರೆಗೆ ಚಾರ್ಜಿಂಗ್ ಕುಂಟುತ್ತದೆ. ರಾತ್ರಿ ಹನ್ನೊಂದರ ಮೇಲೆ ಟೈಮರ್ ಇಡಿ. ಹಳೆಯ ಮನೆಯಾಗಿದ್ದರೆ 15 ಆಂಪ್ ಸಾಕೆಟ್‌ಗೆ ಮೀಟರ್‌ನಿಂದಲೇ ಬೇರೆ ದಪ್ಪ ವೈರು, ಬೇರೆ ಎಂ.ಸಿ.ಬಿ., ಹೊಸ ಅರ್ಥಿಂಗ್ ಹಾಕಿಸಿ. ನಾನು ಮೊದಲು ಗ್ರೈಂಡರ್‌ನ ಹಳೆ ಸಾಕೆಟ್‌ಗೇ ಸಿಕ್ಕಿಸಿದ್ದೆ. ಮೂರನೇ ವಾರ ಅದು ಕರಗಿ ಗೋಡೆ ಕಪ್ಪಾಯಿತು. ಹತ್ತು ಗಂಟೆ ಒಂದೇ ಸಮನೆ ಭಾರ ಎಳೆಯುವ ಸಾಮಾನು ಮನೆಯಲ್ಲಿ ಬೇರೆ ಯಾವುದಿದೆ ಹೇಳಿ. ಈ ವೈರಿಂಗ್ ಖರ್ಚು ಕಾರಿನ ಬೆಲೆಗೇ ಸೇರಲಿ.

7. ಸರ್ವಿಸ್, ಟೈರ್, ಇನ್ಶೂರೆನ್ಸ್

ಇದನ್ನು ಬೇಗ ಮುಗಿಸೋಣ. ಇ.ವಿ.ಗೆ ಎಂಜಿನ್ ಆಯಿಲ್ ಇಲ್ಲ, ಆಯಿಲ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಕ್ಲಚ್ ಪ್ಲೇಟ್ ಇಲ್ಲ. ಏರಿನ ಊರಿನಲ್ಲಿ ಕ್ಲಚ್ ಪ್ಲೇಟ್ ಉಳಿಯುವುದೇ ಒಂದು ಉಳಿತಾಯ. ಬ್ರೇಕ್ ಪ್ಯಾಡ್ ಬಾಳಿಕೆ ಜಾಸ್ತಿ. ಆದರೆ ಕಾರು ಭಾರ, ಎಳೆತ ಜಾಸ್ತಿ, ಟೈರ್ ಬೇಗ ಸವೆಯುತ್ತದೆ. ಒಂದಕ್ಕೊಂದು ಕಳೆದರೆ ಇ.ವಿ. ಕಡೆಗೆ ಸ್ವಲ್ಪ ಉಳಿತಾಯ. ನಿಮ್ಮ ಸರ್ವಿಸ್ ಬಿಲ್ ನೋಡಿ ಅಂಕಿ ಬರೆಯಿರಿ. ಇಲಿ ಮಾತ್ರ ಎರಡು ಕಾರಿಗೂ ಸಮಾನ ಶತ್ರು. ತೋಟದ ಮನೆಯವರು ಬಾನೆಟ್ ಒಳಗೆ ವಾರಕ್ಕೊಮ್ಮೆ ಇಣುಕಿ.

ಇನ್ಶೂರೆನ್ಸ್‌ನಲ್ಲಿ ಥರ್ಡ್ ಪಾರ್ಟಿ ಕಂತು ಇ.ವಿ.ಗೆ ಕಮ್ಮಿ. 2022ರಲ್ಲಿ ನಿಗದಿಯಾದ ದರದಂತೆ 1,000ದಿಂದ 1,500 ಸಿ.ಸಿ. ಕಾರಿಗೆ ವರ್ಷಕ್ಕೆ 3,416 ರೂ., 30ರಿಂದ 65 ಕಿಲೋವಾಟ್ ಮೋಟರಿನ ಇ.ವಿ.ಗೆ 2,904 ರೂ. ಆದರೆ ಕಾರಿನ ಬೆಲೆ ಜಾಸ್ತಿ ಇರುವುದರಿಂದ ಸ್ವಂತ ಹಾನಿಯ ಕಂತು ಏರುತ್ತದೆ, ಒಟ್ಟಿನಲ್ಲಿ ಇ.ವಿ. ಪಾಲಿಸಿಯೇ ಹೆಚ್ಚಾಗಬಹುದು. ಎರಡಕ್ಕೂ ಕೊಟೇಶನ್ ತೆಗೆಸಿ, ಊಹಿಸಬೇಡಿ.

8. ಎಲ್ಲವನ್ನೂ ಒಂದೇ ಹಾಳೆಗೆ ತನ್ನಿ

ಮೊದಲು ಎರಡು ಕಾರಿನ ಆನ್-ರೋಡ್ ಬೆಲೆಯ ಅಂತರ. ಇ.ವಿ.ಗೆ ಜಿ.ಎಸ್.ಟಿ. ಶೇ. 5. ಸಣ್ಣ ಪೆಟ್ರೋಲ್ ಕಾರಿನ ಮೇಲೆ ಮೊದಲು ಶೇ. 28, ಮೇಲೆ ಸೆಸ್ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 18ಕ್ಕೆ ಇಳಿದಿದೆ. ಅಂದರೆ ಪೆಟ್ರೋಲ್ ಕಾರು ಅಗ್ಗವಾಯಿತು, ಅಂತರ ಹಿಗ್ಗಿತು. ಅದಕ್ಕಿಂತ ಹಿಂದಿನ ಹೋಲಿಕೆ ಯಾರಾದರೂ ಕಳಿಸಿದರೆ ನಂಬಬೇಡಿ. ರಸ್ತೆ ತೆರಿಗೆಯ ರಿಯಾಯಿತಿಯೂ ಬದಲಾಗುತ್ತಿರುತ್ತದೆ. 2024ರಲ್ಲಿ 25 ಲಕ್ಷ ದಾಟಿದ ಇ.ವಿ.ಗಳಿಗೆ ಶೇ. 10 ತೆರಿಗೆ ಬಂತು. ಕೊಟೇಶನ್‌ನಲ್ಲಿ ಆ ಸಾಲನ್ನು ಬೆರಳಿಟ್ಟು ನೋಡಿ.

ಉದಾಹರಣೆಗೆ ವೈರಿಂಗ್ ಸೇರಿ ಅಂತರ 2.5 ಲಕ್ಷ ಅಂತಿಟ್ಟುಕೊಳ್ಳಿ. ಈ ದುಡ್ಡು ಬ್ಯಾಂಕಿನಲ್ಲಿದ್ದಿದ್ದರೆ ಶೇ. 7ರಂತೆ ವರ್ಷಕ್ಕೆ 17,500 ಬಡ್ಡಿ ಬರುತ್ತಿತ್ತು. ಸಾಲ ಮಾಡಿ ತಗೊಂಡರೆ ಇನ್ನೂ ಜಾಸ್ತಿ ಕಟ್ಟಬೇಕು. ಬಹಳ ಜನ ಬಿಡುವುದು ಈ ಸಾಲನ್ನೇ.

ವರ್ಷಕ್ಕೆ 12,000 ಕಿ.ಮೀ. ಓಡಿಸುವವರು: ಪೆಟ್ರೋಲ್ 7.36, ಇ.ವಿ. 1.43, ಕಿ.ಮೀ.ಗೆ ಉಳಿಯುವುದು 5.93. ವರ್ಷಕ್ಕೆ 71,000 ರೂ. ಬಡ್ಡಿಯನ್ನೂ ಸೇರಿಸಿಕೊಂಡರೆ (ಅಂತರ ತೀರುತ್ತಾ ಬಂದ ಹಾಗೆ ಬಡ್ಡಿಯೂ ವರ್ಷ ವರ್ಷ ಇಳಿಯುತ್ತದೆ) ಅಂತರ ತೀರಲು ನಾಲ್ಕು ವರ್ಷ ಚಿಲ್ಲರೆ. ಗೃಹಜ್ಯೋತಿ ಕಳೆದುಕೊಂಡು ಯೂನಿಟ್ ದುಬಾರಿಯಾದವರಿಗೆ ಉಳಿತಾಯ 60,000, ಐದು ವರ್ಷ.

ವರ್ಷಕ್ಕೆ 5,000 ಕಿ.ಮೀ. ಓಡಿಸುವವರು: ಅದೇ 5.93ರಂತೆ ಉಳಿಯುವುದು ಬರೀ 29,650. ಮೊದಲ ವರ್ಷ ಅದರಲ್ಲಿ ಬಡ್ಡಿಯೇ 17,500 ನುಂಗಿತು. ಅಂತರ ತೀರಲು ಹದಿಮೂರು ವರ್ಷ. ಟಾಟಾದ ಟಿಯಾಗೊದಂಥ ಸಣ್ಣ ಇ.ವಿ.ಗಳ ಬ್ಯಾಟರಿಗೆ ಬರುತ್ತಿದ್ದ ವಾರಂಟಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ಹದಿಮೂರನೇ ವರ್ಷದಲ್ಲಿ ಆ ಬ್ಯಾಟರಿ ಹೇಗಿರುತ್ತದೆ ಅನ್ನೋದರ ಮೇಲೆ ದುಡ್ಡು ಕಟ್ಟಲು ನಾನಂತೂ ತಯಾರಿಲ್ಲ.

ಮಾರುವ ಬೆಲೆ ಲೆಕ್ಕಕ್ಕೆ ಸೇರಿಸಬೇಕು ಅಂದರೆ ಇ.ವಿ.ಗೆ ಕಂಜೂಸಿ ಮಾಡಿಯೇ ಹಾಕಿ. ಐದು ವರ್ಷಕ್ಕೆ ಪೆಟ್ರೋಲ್ ಕಾರಿಗೆ ಅರ್ಧ ಬೆಲೆ ಅಂತ ಬರೆದರೆ ಇ.ವಿ.ಗೆ ಮೂರನೇ ಒಂದು ಭಾಗ ಬರೆಯಿರಿ. ಅದಕ್ಕಿಂತ ಜಾಸ್ತಿ ಬಂದರೆ ಲಾಭ.

ಹೀಗಾಗಿ ಖರ್ಚಿನ ದೃಷ್ಟಿಯಿಂದ ಮಾತ್ರ ಕೇಳಿದರೆ ನನ್ನ ಅಭಿಪ್ರಾಯ ಇಷ್ಟು: ವರ್ಷಕ್ಕೆ 10,000 ಕಿ.ಮೀ. ದಾಟುವವರು, ಮನೆಯಲ್ಲಿ ನಿಲ್ಲಿಸಿ ಚಾರ್ಜ್ ಮಾಡಲು ಜಾಗ ಇರುವವರು ಇ.ವಿ. ನೋಡಬಹುದು. ದಿನಾ ಕುಶಾಲನಗರದಿಂದ ಮಡಿಕೇರಿಗೆ ಕೆಲಸಕ್ಕೆ ಬರುವವರಿಗೆ ಹೇಳಿ ಮಾಡಿಸಿದ ಹಾಗಿದೆ. 6,000ದ ಒಳಗಿರುವವರು ಇರುವ ಪೆಟ್ರೋಲ್ ಕಾರನ್ನೇ ಚೆನ್ನಾಗಿ ನೋಡಿಕೊಳ್ಳಿ. ನಡುವಿನವರು ಈ ಹಾಳೆಯನ್ನು ಎರಡು ಸಲ ಬರೆಯಿರಿ, ಒಮ್ಮೆ ಪೆಟ್ರೋಲ್ 95 ಅಂತ, ಇನ್ನೊಮ್ಮೆ 115 ಅಂತ. ಎರಡರಲ್ಲೂ ಒಂದೇ ಉತ್ತರ ಬಂದರೆ ಮುಂದುವರಿಯಿರಿ.

ಭಾವ ಅವರ ಹಾಳೆಯನ್ನು ಎರಡು ಸಲ ನೋಡಿ ಮಡಚಿ ಜೇಬಿಗೆ ಹಾಕಿಕೊಂಡರು. ಹಳೆ ಕಾರಿಗೆ ಹೊಸ ಕ್ಲಚ್ ಪ್ಲೇಟ್ ಹಾಕಿಸಿದ್ದಾರೆ. ಮೈಸೂರಿಗೆ ಹೋಗುವ ದಿನ ಮಾತ್ರ ನನಗೆ ಫೋನ್ ಬರುತ್ತದೆ: "ನಾಳೆ ನಿನ್ನ ಕರೆಂಟ್ ಕಾರು ಖಾಲಿ ಇದೆಯಾ?"